ಕೀಲಿ ಕೈಗಡಿಯಾರವನ್ನು ಒರೆಗೆ ಹಚ್ಚುವ ಬಗೆ

ಹೊತ್ತು ತಿಳಿಯುವುದಕ್ಕಾಗಿ ಇಂದಿನ ವಿದ್ಯಾರ್ಥಿಗೆ ಕೈಗಡಿಯಾರವೇ ಬೇಕೆಂದಿಲ್ಲ. ಜೇಬಿನಲ್ಲಿರುವ ಮೊಬೈಲು ಸೆಕೆಂಡಿನ ಲೆಕ್ಕವನ್ನೂ ತಪ್ಪದೆ ಒಪ್ಪಿಸುತ್ತದೆ. ಹೀಗಿದ್ದರೂ ಈಚಿನ ವರ್ಷಗಳಲ್ಲಿ ನಮ್ಮ ತರಗತಿಯ ಹುಡುಗ ಹುಡುಗಿಯರ ಮಣಿಕಟ್ಟಿನಲ್ಲಿ ಹಳೆಯ ಕಾಲದ ಮುಖವುಳ್ಳ, ಬ್ಯಾಟರಿಯ ಹಂಗಿಲ್ಲದೆ ನಡೆಯುವ ಗಡಿಯಾರಗಳು ಮತ್ತೆ ಕಾಣಿಸಿಕೊಳ್ಳತೊಡಗಿವೆ. ಕೆಲವು ಅಜ್ಜನ ಕಾಲದವೇ. ಕೆಲವು ಅಜ್ಜನ ಕಾಲದ ರೂಪವನ್ನು ಅನುಸರಿಸಿ ಇಂದು ತಯಾರಾದವು. ಇವುಗಳಲ್ಲಿ ಒಂದನ್ನು ಕೊಳ್ಳಬೇಕೆಂದು ಹಣ ಕೂಡಿಟ್ಟುಕೊಂಡವರು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, “ಸಾರ್, ಯಾವುದು ಒಳ್ಳೆಯದು?” ಎಂದು ಕೇಳುವುದುಂಟು.

ಇಂಥ ಗಡಿಯಾರವನ್ನು ಕೊಳ್ಳುವುದು ಸರಿಯೆ ತಪ್ಪೆ ಎಂಬ ಚರ್ಚೆ ಇಲ್ಲಿ ಬೇಡ. ಸರಿಯಾದ ವೇಳೆಯೊಂದೇ ಗುರಿಯಾದರೆ ಕ್ವಾರ್ಟ್ಸ್ ಗಡಿಯಾರಕ್ಕೆ ಇವು ಸಾಟಿಯಾಗಲಾರವು. ಅದರೊಳಗಿನ ಹರಳು ಸೆಕೆಂಡಿಗೆ ೩೨,೭೬೮ ಸಲ ಕಂಪಿಸಿ, ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡುಗಳ ಒಳಗೇ ವ್ಯತ್ಯಾಸ ತೋರುತ್ತದೆ. ಆದರೆ ಕೀಲಿ ಗಡಿಯಾರವೆಂಬುದು ಪಠ್ಯಪುಸ್ತಕದ ಸರಳ ಸಂಗತ ಚಲನೆಯ ಅಧ್ಯಾಯವನ್ನು ಮಣಿಕಟ್ಟಿಗೆ ಕಟ್ಟಿಕೊಂಡಂತೆ. ಅದನ್ನು ಹೋಲಿಸಿ ನೋಡುವುದು ಹೇಗೆ ಎಂಬುದು ಭೌತಶಾಸ್ತ್ರದ ಪ್ರಶ್ನೆ. ಈ ಪ್ರಶ್ನೆಗೆ ನಾವೇ ಒಮ್ಮೆ ತಪ್ಪು ಉತ್ತರ ಹೇಳಿದ್ದೆವಾದ ಕಾರಣ, ಆ ತಪ್ಪಿನಿಂದಲೇ ಪಾಠವನ್ನು ಪ್ರಾರಂಭಿಸೋಣ.

ನಮ್ಮ ಒಂದು ತಪ್ಪು

ನಮ್ಮ ತಂದೆಯವರಲ್ಲಿ ಒಂದು ಹಳೆಯ ಕೀಲಿ ಗಡಿಯಾರವಿತ್ತು. ಅದು ದಿನಕ್ಕೆ ಸುಮಾರು ೪೦ ಸೆಕೆಂಡು ಮುಂದೆ ಓಡುತ್ತಿತ್ತು. ಸರಿಪಡಿಸದೆ ತಿಂಗಳು ಬಿಟ್ಟರೆ ೨೦ ನಿಮಿಷ ಮುಂದಾಗುತ್ತಿತ್ತು. ಅದು ನಮ್ಮ ಕೈಗೆ ಬಂದಾಗ ‘ಕೆಟ್ಟ ಗಡಿಯಾರ’ ಎಂದು ತೀರ್ಮಾನಿಸಿ, ಮೇಜಿನ ಸೆಳೆಖಾನೆಗೆ ಹಾಕಿದೆವು. ಮೊದಲ ಸಂಬಳಗಳಲ್ಲಿ ಉಳಿಸಿದ ಹಣದಿಂದ ಹೆಚ್ಚು ಹರಳುಗಳುಳ್ಳ ಹೊಸ ಗಡಿಯಾರವೊಂದನ್ನು ಕೊಂಡೆವು. ಒಂದು ವಾರ ಅದರ ತಪ್ಪನ್ನು ಬರೆದಿಟ್ಟು ಸರಾಸರಿ ತೆಗೆದಾಗ ಉತ್ತರ ಹೆಚ್ಚು ಕಡಮೆ ಸೊನ್ನೆ ಬಂದಿತು. ಸಂತೋಷದಿಂದ ಆ ಲೆಕ್ಕವನ್ನು ತರಗತಿಯ ಕರಿಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, “ಸಾರ್, ಸರಾಸರಿ ಸೊನ್ನೆಯಾದರೆ ಗಡಿಯಾರ ಸರಿಯಾಗಿದೆ ಎಂದು ಅರ್ಥವೆ?” ಎಂದು ಕೇಳಿದಳು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ದೊರೆಯಬೇಕಾದರೆ ಮೊದಲು ಗಡಿಯಾರದ ಒಳಗೆ ಇಣುಕಬೇಕು.

ಗಡಿಯಾರದ ಹೃದಯ

ಕೀಲಿ ಕೊಟ್ಟಾಗ ನಾವು ಮಾಡುವ ಕೆಲಸ ಒಂದು ಉಕ್ಕಿನ ಪಟ್ಟಿಯ ಸುರುಳಿಯಲ್ಲಿ ಪ್ರಚ್ಛನ್ನಶಕ್ತಿಯಾಗಿ ಸಂಗ್ರಹವಾಗುತ್ತದೆ. ಇದನ್ನು ರಿಪೇರಿಯವರು ಮೈನ್ ಸ್ಪ್ರಿಂಗ್ ಎನ್ನುತ್ತಾರೆ. ಅದು ಬಿಚ್ಚಿಕೊಳ್ಳುವಾಗ ಹಲ್ಲುಚಕ್ರಗಳ ಸಾಲನ್ನು ತಿರುಗಿಸುತ್ತದೆ. ತಡೆಯಿಲ್ಲದಿದ್ದರೆ ಆ ಶಕ್ತಿಯೆಲ್ಲ ಕೆಲವೇ ಕ್ಷಣಗಳಲ್ಲಿ ಸರ್ರನೆ ಮುಗಿದುಹೋಗುವುದು. ಅದನ್ನು ತಡೆದು, ಎಣಿಸಿ, ಹನಿಹನಿಯಾಗಿ ಬಿಡುವ ಕಾವಲುಗಾರನೇ ಸಮತೋಲನ ಚಕ್ರ. ಇದು ಅತ್ತ ಇತ್ತ ತಿರುಗುವ ಒಂದು ಪುಟ್ಟ ಚಕ್ರ. ಇದರ ಅಚ್ಚಿಗೆ ಕೂದಲಿನಂಥ ತೆಳ್ಳನೆಯ ಇನ್ನೊಂದು ಸುರುಳಿಯನ್ನು, ಅಂದರೆ ಹೇರ್ ಸ್ಪ್ರಿಂಗನ್ನು, ಜೋಡಿಸಿರುತ್ತಾರೆ. ಚಕ್ರವು ಪ್ರತಿಯೊಂದು ಸಲ ಮಧ್ಯಸ್ಥಾನವನ್ನು ಹಾಯ್ದಾಗಲೂ ಒಂದು ಸನ್ನೆಕೋಲನ್ನು ತಟ್ಟುತ್ತದೆ. ಸನ್ನೆಕೋಲು ಹಲ್ಲುಚಕ್ರದ ಒಂದು ಹಲ್ಲನ್ನು ಬಿಡಿಸಿ, ಅದೇ ಕ್ಷಣದಲ್ಲಿ ಸಮತೋಲನ ಚಕ್ರಕ್ಕೆ ಒಂದು ಸಣ್ಣ ನೂಕನ್ನೂ ಕೊಡುತ್ತದೆ. ನಮಗೆ ಕೇಳಿಸುವ ಟಿಕ್ ಟಿಕ್ ಶಬ್ದ ಇದೇ. ಈ ಸನ್ನೆಕೋಲಿನ ಏರ್ಪಾಟನ್ನು ೧೭೫೫ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಮಡ್ಜ್ ಎಂಬಾತನು ಕಂಡುಹಿಡಿದನು. ಇಂದಿಗೂ ಬಹುಪಾಲು ಕೀಲಿ ಗಡಿಯಾರಗಳಲ್ಲಿ ಇರುವುದು ಅದರ ಸುಧಾರಿಸಿದ ರೂಪವೇ.

ಸುರುಳಿಯ ಉಪಕಾರವನ್ನು ೧೬೭೫ರಲ್ಲಿ ಕ್ರಿಸ್ತಿಯಾನ್ ಹೈಗೆನ್ಸನು ಪ್ರಕಟಿಸಿದನು. ಅದು ತನ್ನ ಕಲ್ಪನೆಯೆಂದು ರಾಬರ್ಟ್ ಹುಕ್ಕನು ವಾದ ಹೂಡಿದನು. ಸುರುಳಿಯನ್ನು ಎಷ್ಟು ತಿರುಚಿದರೆ ಅಷ್ಟೇ ಪ್ರಮಾಣದಲ್ಲಿ ಅದು ಹಿಂದಕ್ಕೆ ಎಳೆಯುತ್ತದೆ ಎಂಬ ಹುಕ್ಕನ ನಿಯಮವೇ ಇಲ್ಲಿ ಆಧಾರ. ಈ ನಿಯಮ ಪಾಲನೆಯಾದಲ್ಲೆಲ್ಲ ಆಂದೋಲನದ ಅವಧಿ, ಆಂದೋಲನ ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಆಗಿರುತ್ತದೆ. ಅವಧಿಯು ಚಕ್ರದ ಜಡತ್ವ ಭ್ರಮಣಾಂಕವನ್ನು ಸುರುಳಿಯ ಬಿಗುವಿನಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಗಮನಿಸಿ: ಇಲ್ಲಿ ಗುರುತ್ವಾಕರ್ಷಣದ ಮಾತೇ ಇಲ್ಲ. ಆದುದರಿಂದಲೇ ಲೋಲಕದ ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳಲಾಗದಿದ್ದರೂ ಸುರುಳಿಯ ಗಡಿಯಾರವನ್ನು ಕಟ್ಟಿಕೊಂಡು ಓಡಬಹುದು.

ಮಿಡಿತದ ಲೆಕ್ಕ

ಗಡಿಯಾರಗಳ ವಿವರಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಂಟೆಗೆ ಎಷ್ಟು ಮಿಡಿತ ಎಂಬ ಸಂಖ್ಯೆ. ಒಂದು ಪೂರ್ಣ ಆಂದೋಲನದಲ್ಲಿ ಎರಡು ಮಿಡಿತಗಳಿರುತ್ತವೆ. ಗಂಟೆಗೆ ೧೮,೦೦೦ ಮಿಡಿತವೆಂದರೆ ಸೆಕೆಂಡಿಗೆ ೫ ಮಿಡಿತ, ಎಂದರೆ ಎರಡೂವರೆ ಆಂದೋಲನ. ದಿನಕ್ಕೆ ೪,೩೨,೦೦೦ ಮಿಡಿತ. ವರ್ಷಕ್ಕೆ ೧೫ ಕೋಟಿ ೭೬ ಲಕ್ಷ ೮೦ ಸಾವಿರ. ೨೧,೬೦೦ ಆದರೆ ಸೆಕೆಂಡಿಗೆ ೬. ೨೮,೮೦೦ ಆದರೆ ೮. ಹೆಚ್ಚು ಮಿಡಿತದ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ನಯವಾಗಿ ಜಾರಿದಂತೆ ಕಾಣುತ್ತದೆ. ಕೈಯ ಕುಲುಕಾಟದಂಥ ಹೊರಗಿನ ಅಡ್ಡಿಗಳು ಅದನ್ನು ಸುಲಭವಾಗಿ ಕದಲಿಸಲಾರವು. ಹಾಗಾದರೆ ಎಲ್ಲ ಗಡಿಯಾರಗಳಿಗೂ ಹೆಚ್ಚು ಮಿಡಿತವನ್ನೇ ಏಕೆ ಕೊಡಬಾರದು?

ಏಕೆಂದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆಂದೋಲನದ ವಿಸ್ತಾರ ಒಂದೇ ಇರುವಾಗ ಚಕ್ರದ ಶಕ್ತಿ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿದೆ. ಪ್ರತಿ ಆಂದೋಲನದಲ್ಲಿಯೂ ಆ ಶಕ್ತಿಯ ಒಂದು ನಿಯತ ಅಂಶ ಘರ್ಷಣೆಯಲ್ಲಿ ನಷ್ಟವಾಗುವುದೆಂದು ಇಟ್ಟುಕೊಳ್ಳೋಣ. ಸೆಕೆಂಡಿನಲ್ಲಿ ನಡೆಯುವ ಆಂದೋಲನಗಳೂ ಆವೃತ್ತಿಗೆ ಅನುಪಾತವಾಗಿರುವುದರಿಂದ, ಒಟ್ಟು ಖರ್ಚು ಆವೃತ್ತಿಯ ಘನಕ್ಕೆ ಅನುಪಾತದಲ್ಲಿರುತ್ತದೆ. ಬೇರೆಲ್ಲವೂ ಸಮನಾಗಿದ್ದರೆ ೨೧,೬೦೦ರಿಂದ ೨೮,೮೦೦ಕ್ಕೆ ಏರಿದಾಗ ಖರ್ಚು ೪/೩ರ ಘನದಷ್ಟು, ಎಂದರೆ ೬೪/೨೭ ಅಥವಾ ಸುಮಾರು ೨.೪ ಮಡಿ ಆಗುವುದು. ಮಣಿಕಟ್ಟಿನ ಗಡಿಯಾರವನ್ನು ನಡೆಸುವ ಸಾಮರ್ಥ್ಯವೇ ಕೆಲವು ಮೈಕ್ರೊವಾಟುಗಳಷ್ಟು. ಅಲ್ಲಿ ಎರಡು ಮಡಿ ಖರ್ಚೆಂದರೆ ಸಣ್ಣ ಮಾತಲ್ಲ.

ಇದಕ್ಕೆ ಮಾರುಕಟ್ಟೆಯಲ್ಲಿಯೇ ನಿದರ್ಶನ ದೊರೆಯುತ್ತದೆ. ಸ್ವಿಸ್ ದೇಶದ ಈಟಿಎ ಕಾರ್ಖಾನೆಯ ೨೮೦೧-೨ ಎಂಬ ಕೀಲಿ ಯಂತ್ರ ಗಂಟೆಗೆ ೨೮,೮೦೦ ಮಿಡಿತದ್ದು. ಅದರಿಂದಲೇ ಬೆಳೆಸಿದ ಎಚ್-೫೦ ಎಂಬ ಯಂತ್ರದಲ್ಲಿ ಮಿಡಿತವನ್ನು ೨೧,೬೦೦ಕ್ಕೆ ಇಳಿಸಿ, ಮೈನ್ ಸ್ಪ್ರಿಂಗಿನ ಏರ್ಪಾಟನ್ನೂ ತಿದ್ದಿದರು. ಪರಿಣಾಮವಾಗಿ ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಅದು ೮೦ ಗಂಟೆ ನಡೆಯುತ್ತದೆ. ಮಿಡಿತ ಇಳಿದದ್ದು ಹಿಂಜರಿತವಲ್ಲ, ಒಂದು ವ್ಯಾಪಾರ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆದರು, ಅಷ್ಟೆ.

ಹರಳುಗಳ ಮಾತು

ಎರಡನೆಯ ಆಕರ್ಷಣೆ ಹರಳುಗಳದು. ೧೭, ೨೧, ೨೪ ಎಂದು ಡಯಲಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ನೋಡಿ, ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸುವವರು ಬಹಳ. ತಿರುಗುವ ಅಚ್ಚಿನ ತುದಿಗಳು ಲೋಹದ ಮೇಲೆ ಉಜ್ಜಿದರೆ ಬೇಗ ಸವೆಯುತ್ತವೆ. ಗಟ್ಟಿಯಾದ, ನುಣುಪಾದ ಮಾಣಿಕ್ಯದಲ್ಲಿ ಕೂತರೆ ಘರ್ಷಣೆಯೂ ಸವೆತವೂ ಕಡಮೆ. ಗಡಿಯಾರಕ್ಕೆ ಹರಳನ್ನು ಕೊರೆದು ಕೂರಿಸುವ ವಿಧಾನಕ್ಕೆ ೧೭೦೪ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರ ದೊರೆಯಿತು. ೧೯೦೨ರಲ್ಲಿ ಫ್ರಾನ್ಸಿನ ವೆರ್ನೋಯಿ ಎಂಬ ರಸಾಯನಶಾಸ್ತ್ರಜ್ಞನು ಕೃತಕ ಮಾಣಿಕ್ಯವನ್ನು ತಯಾರಿಸುವ ರೀತಿಯನ್ನು ಪ್ರಕಟಿಸಿದ ಮೇಲೆ ಹರಳುಗಳು ಅಗ್ಗವಾದವು. ಇಂದು ಗಡಿಯಾರದ ಬೆಲೆಯಲ್ಲಿ ಅವುಗಳ ಪಾಲು ಅತ್ಯಲ್ಪ.

ಎಷ್ಟು ಹರಳು ಬೇಕು? ಎಣಿಸಿಯೇ ನೋಡೋಣ. ಸಮತೋಲನ ಚಕ್ರದ ಎರಡು ತುದಿಗಳಿಗೆ ತೂತಿನ ಹರಳು ಎರಡು, ಮುಚ್ಚಳದ ಹರಳು ಎರಡು. ಸನ್ನೆಕೋಲನ್ನು ತಟ್ಟುವ ಹರಳು ಒಂದು. ಸನ್ನೆಕೋಲಿನ ಎರಡು ತೋಳುಗಳಲ್ಲಿ ಎರಡು, ಅದರ ಅಚ್ಚಿಗೆ ಎರಡು. ಅಲ್ಲಿಂದ ಹಿಂದಕ್ಕೆ ನಾಲ್ಕು ಹಲ್ಲುಚಕ್ರಗಳಿಗೆ ಎರಡೆರಡರಂತೆ ಎಂಟು. ಒಟ್ಟು ೧೭. ಕೈಯಿಂದ ಕೀಲಿ ಕೊಡುವ ಸಾಧಾರಣ ಗಡಿಯಾರಕ್ಕೆ ಇಷ್ಟು ಸಾಕು. ಕೈಯ ಚಲನೆಯಿಂದಲೇ ಕೀಲಿ ಪಡೆಯುವ ಗಡಿಯಾರದಲ್ಲಿ ಚಕ್ರಗಳು ಹೆಚ್ಚಾಗಿರುವುದರಿಂದ ಹರಳುಗಳೂ ಹೆಚ್ಚುತ್ತವೆ. ೧೯೬೦ರ ದಶಕದಲ್ಲಿ ೧೦೦ ಹರಳುಗಳ ಗಡಿಯಾರಗಳೂ ಮಾರಾಟಕ್ಕೆ ಬಂದಿದ್ದವು. ಅವುಗಳಲ್ಲಿ ಬಹಳಷ್ಟು ಹರಳುಗಳಿಗೆ ಕೆಲಸವೇ ಇರಲಿಲ್ಲ. ಆದುದರಿಂದ ೧೭ಕ್ಕಿಂತ ೨೪ ಮೇಲೆಂದು ತೀರ್ಮಾನಿಸುವುದು, ನಾಲ್ಕು ಗಾಲಿಯ ಬಂಡಿಗಿಂತ ಆರು ಗಾಲಿಯ ಬಂಡಿ ವೇಗವಾದದ್ದೆಂದು ಹೇಳಿದಂತೆ.

ಅಂಗಡಿಯಲ್ಲಿ ಕಾಣುವ ಕೆಲವು ಗಡಿಯಾರಗಳು

ಇಷ್ಟು ತಿಳಿದ ಮೇಲೆ, ಹಳೆಯ ರೂಪವನ್ನು ಉಳಿಸಿಕೊಂಡಿರುವ ಕೆಲವು ಗಡಿಯಾರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬಹುದು.

ಎಚ್.ಎಂ.ಟಿ. ಜನತಾ: ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ೧೯೬೧ರಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಜನತಾ ಕೈಯಿಂದ ಕೀಲಿ ಕೊಡುವಂಥದು. ೧೭ ಹರಳು, ೧೮,೦೦೦ ಮಿಡಿತ. ೨೦೧೬ರಲ್ಲಿ ಗಡಿಯಾರದ ಅಂಗಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಇಂದು ಕೆಲವು ಸಾವಿರ ರೂಪಾಯಿಗೆ ಕೈಬದಲಾದ ಹಳೆಯ ಗಡಿಯಾರಗಳು ಸಿಗುತ್ತವೆ. ಆದರೆ ಡಯಲಿಗೆ ಹೊಸ ಬಣ್ಣ ಬಳಿದು, ನಾಲ್ಕಾರು ಗಡಿಯಾರಗಳ ಭಾಗಗಳನ್ನು ಒಂದುಗೂಡಿಸಿ ಮಾರುವುದೂ ಉಂಟು. ಹಿಂಬದಿಯ ಮುಚ್ಚಳ ತೆಗೆಸಿ ಒಳಗನ್ನು ನೋಡದೆ ಕೊಳ್ಳಬಾರದು.

ಸೀಕೊ ೫: ೧೯೬೩ರಿಂದ ಬಂದ ಹೆಸರು. ಇಂದಿನ ಹಲವು ಮಾದರಿಗಳಲ್ಲಿರುವ ೪ಆರ್೩೬ ಯಂತ್ರಕ್ಕೆ ೨೪ ಹರಳು, ೨೧,೬೦೦ ಮಿಡಿತ. ಸುಮಾರು ೪೧ ಗಂಟೆ ನಡೆಯುತ್ತದೆ. ತಯಾರಕರು ಹೇಳುವ ದೈನಿಕ ವ್ಯತ್ಯಾಸ ೪೫ ಸೆಕೆಂಡು ಮುಂದಿನಿಂದ ೩೫ ಸೆಕೆಂಡು ಹಿಂದಿನವರೆಗೆ.

ಓರಿಯಂಟ್ ಬಾಂಬಿನೊ: ಉಬ್ಬು ಗಾಜಿನ, ೧೯೫೦-೬೦ರ ಕಾಲದ ಮುಖ. ಎಫ್೬೭೨೪ ಯಂತ್ರದಲ್ಲಿ ೨೨ ಹರಳು, ೨೧,೬೦೦ ಮಿಡಿತ. ೪೦ ಗಂಟೆಗೆ ಮೇಲೆ ನಡೆಯುತ್ತದೆ. ದೈನಿಕ ವ್ಯತ್ಯಾಸ ೨೫ ಸೆಕೆಂಡು ಮುಂದಿನಿಂದ ೧೫ ಸೆಕೆಂಡು ಹಿಂದಿನವರೆಗೆ.

ಸೀಗಲ್ ೧೯೬೩: ಚೀನದ ತಿಯಾನ್‌ಜಿನ್ ನಗರದಲ್ಲಿ ವಾಯುಪಡೆಗಾಗಿ ೧೯೬೧ರಲ್ಲಿ ಕೈಗೊಂಡ ಯೋಜನೆಯ ಸಂತತಿ. ಸ್ವಿಸ್ ವೀನಸ್ ೧೭೫ ಯಂತ್ರದಿಂದ ಬೆಳೆದುಬಂದ ಎಸ್‌ಟಿ೧೯ ಇದರೊಳಗಿದೆ. ೨೧,೬೦೦ ಮಿಡಿತ, ಕೈಯಿಂದ ಕೀಲಿ. ಗುಂಡಿ ಒತ್ತಿ ಓಟದ ವೇಳೆಯನ್ನು ಅಳೆಯಬಹುದಾದ್ದರಿಂದ ಭಾಗಗಳು ಹೆಚ್ಚು, ರಿಪೇರಿಯೂ ಕಷ್ಟ.

ವೊಸ್ತೋಕ್ ಆಂಫಿಬಿಯ: ರಷ್ಯದ ಚಿಸ್ತೊಪೊಲ್ ಊರಿನದು, ಮೊದಲು ಬಂದದ್ದು ೧೯೬೭ರಲ್ಲಿ. ೧೯,೮೦೦ ಮಿಡಿತ. ನೀರಿನ ಒತ್ತಡ ಹೆಚ್ಚಿದಷ್ಟೂ ಹಿಂಬದಿಯ ಮುಚ್ಚಳ ರಬ್ಬರಿನ ಬಳೆಯ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುವಂತೆ ಇದರ ಕವಚವನ್ನು ರಚಿಸಿದ್ದಾರೆ. ಶತ್ರುವಿನ ಬಲವನ್ನೇ ಕಾವಲಿಗೆ ಹಚ್ಚಿದ ಈ ಜಾಣ್ಮೆ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್: ಹಳೆಯ ಸೈನಿಕ ಗಡಿಯಾರದ ರೂಪದಲ್ಲಿ ೨೦೧೮ರಲ್ಲಿ ಬಂದದ್ದು. ಮೇಲೆ ಹೇಳಿದ ೮೦ ಗಂಟೆಯ ಎಚ್-೫೦ ಈಗ ಇದರಲ್ಲಿದೆ. ಈ ಪಟ್ಟಿಯಲ್ಲಿ ಹೆಚ್ಚು ಬೆಲೆಯದು ಇದೇ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ದಿನಕ್ಕೆ ೨೦ ಸೆಕೆಂಡಿನ ತಪ್ಪು ಎಂದರೆ ೮೬,೪೦೦ ಸೆಕೆಂಡುಗಳಲ್ಲಿ ೨೦, ಅಥವಾ ೪,೩೨೦ರಲ್ಲಿ ೧. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ನೂರರಲ್ಲಿ ಒಂದರ ತಪ್ಪಿನೊಳಗೆ ಕಂಡುಹಿಡಿದರೆ ನಾವು ಬೆನ್ನು ತಟ್ಟುತ್ತೇವೆ. ನಾವು ಅಗ್ಗದ್ದೆಂದು ಮೂಗು ಮುರಿಯುವ ಗಡಿಯಾರ ಅದಕ್ಕಿಂತ ನಲವತ್ತು ಮಡಿಗೂ ಹೆಚ್ಚು ನಿಖರವಾದದ್ದು.

ನಾಲ್ವರು ಶತ್ರುಗಳು

ಆದರೂ ಗಡಿಯಾರ ತಪ್ಪುವುದೇಕೆ? ಆಂದೋಲನದ ಅವಧಿ ಒಂದೇ ಆಗಿರಬೇಕೆಂಬ ನಿಯಮಕ್ಕೆ ನಾಲ್ವರು ಶತ್ರುಗಳು.

ಮೊದಲನೆಯದು ಭಂಗಿ. ಗಡಿಯಾರ ಮುಖ ಮೇಲಾಗಿ ಮಲಗಿರುವಾಗ ಸಮತೋಲನ ಚಕ್ರದ ಅಚ್ಚು ತನ್ನ ದುಂಡನೆಯ ತುದಿಯ ಮೇಲೆ ನಿಂತು ತಿರುಗುತ್ತದೆ. ಗಡಿಯಾರವನ್ನು ನೆಟ್ಟಗೆ ನಿಲ್ಲಿಸಿದರೆ ಅಚ್ಚಿನ ಪಕ್ಕವು ಹರಳಿನ ಗೋಡೆಗೆ ಉಜ್ಜಿ, ಘರ್ಷಣೆ ಹೆಚ್ಚಿ, ಆಂದೋಲನದ ವಿಸ್ತಾರ ಕುಗ್ಗುತ್ತದೆ. ಅಲ್ಲದೆ ಚಕ್ರದ ಗುರುತ್ವಕೇಂದ್ರ ಅಚ್ಚಿನ ನಡುವೆಯೇ ಇಲ್ಲದೆ ಕೂದಲೆಳೆಯಷ್ಟು ಸರಿದಿದ್ದರೂ ಅದು ನೆಟ್ಟನೆಯ ಭಂಗಿಯಲ್ಲಿ ಲೋಲಕದ ಗುಣವನ್ನು ಸ್ವಲ್ಪಮಟ್ಟಿಗೆ ಪಡೆಯುತ್ತದೆ. ಹೊರಗೆ ಕಳಿಸಿದ್ದ ಗುರುತ್ವಾಕರ್ಷಣ ಹಿತ್ತಲ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಎರಡನೆಯದು ಕೀಲಿಯ ಇಳಿತ. ಮೈನ್ ಸ್ಪ್ರಿಂಗ್ ಬಿಚ್ಚುತ್ತ ಬಂದಂತೆ ನೂಕು ಕಡಮೆಯಾಗಿ, ಆಂದೋಲನದ ವಿಸ್ತಾರ ಇಳಿಯುತ್ತದೆ. ಹುಕ್ಕನ ನಿಯಮ ಪರಿಪೂರ್ಣವಾಗಿ ನಡೆದಿದ್ದರೆ ಇದರಿಂದ ಬಾಧೆಯಿರುತ್ತಿರಲಿಲ್ಲ. ನಿಜವಾದ ಸುರುಳಿಯಲ್ಲಿ ಅದು ಪರಿಪೂರ್ಣವಲ್ಲ. ಪ್ರತಿದಿನವೂ ಒಂದೇ ಹೊತ್ತಿಗೆ ಕೀಲಿ ಕೊಡಬೇಕೆಂದು ಹಿರಿಯರು ಹೇಳುತ್ತಿದ್ದುದರ ಕಾರಣ ಇದೇ.

ಮೂರನೆಯದು ಉಷ್ಣತೆ. ಬಿಸಿಯೇರಿದಾಗ ಉಕ್ಕಿನ ಸ್ಥಿತಿಸ್ಥಾಪಕತ್ವ ತಗ್ಗುತ್ತದೆ. ಸಾಧಾರಣ ಉಕ್ಕಿನ ಸುರುಳಿ ಇದ್ದರೆ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಗಡಿಯಾರ ದಿನಕ್ಕೆ ಸುಮಾರು ೧೦ ಸೆಕೆಂಡು ಹಿಂದೆ ಬೀಳುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಗಡಿಯಾರ ೧೫ ಡಿಗ್ರಿ ಹೆಚ್ಚು ಕಾದರೆ ದಿನಕ್ಕೆ ಎರಡೂವರೆ ನಿಮಿಷದ ಗತಿಭೇದ! ನಿಕ್ಕಲ್ ಉಕ್ಕಿನ ಮಿಶ್ರಲೋಹಗಳ ವಿಚಿತ್ರ ಗುಣಗಳನ್ನು ಕಂಡುಹಿಡಿದು ಈ ತೊಡಕಿಗೆ ಪರಿಹಾರದ ಹಾದಿ ತೋರಿಸಿದವನು ಶಾರ್ಲ್ ಗಿಯೋಮ್. ಅವನಿಗೆ ೧೯೨೦ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಅಗ್ಗದ ಗಡಿಯಾರದ ಸುರುಳಿಯೂ ಅಂಥ ಮಿಶ್ರಲೋಹದ್ದೇ.

ನಾಲ್ಕನೆಯದು ಕಾಂತತ್ವ. ಮೊಬೈಲಿನ ಧ್ವನಿವರ್ಧಕ, ಚೀಲದ ಅಯಸ್ಕಾಂತದ ಗುಂಡಿ ಮೊದಲಾದುವುಗಳ ಸಾಮೀಪ್ಯದಿಂದ ಉಕ್ಕಿನ ಭಾಗಗಳು ಕಾಂತತ್ವ ಪಡೆಯುತ್ತವೆ. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಕೆಲಸ ಮಾಡುವ ಉದ್ದ ಕಡಮೆಯಾಗಿ, ಬಿಗುವು ಹೆಚ್ಚಿ, ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ಸರಿಯಾಗಿದ್ದ ಗಡಿಯಾರ ಇದ್ದಕ್ಕಿದ್ದಂತೆ ಓಟ ಕಿತ್ತರೆ ಅದನ್ನು ದಿಕ್ಸೂಚಿಯ ಬಳಿಗೆ ತಂದು ನೋಡಿ. ಸೂಚಿ ಟಿಕ್ ಟಿಕ್ಕಿಗೆ ತಕ್ಕಂತೆ ನಡುಗಿದರೆ ರೋಗ ಗೊತ್ತಾಯಿತು. ಪರ್ಯಾಯ ವಿದ್ಯುತ್ತಿನ ಸುರುಳಿಯೊಳಗಿಟ್ಟು ನಿಧಾನವಾಗಿ ಹೊರಗೆಳೆದರೆ ಕಾಂತತ್ವ ಅಳಿಯುತ್ತದೆ. ರಿಪೇರಿಯವರಿಗೆ ಇದು ನಿಮಿಷದ ಕೆಲಸ.

ಸರಿಯಾಗಿರುವುದೂ ಸ್ಥಿರವಾಗಿರುವುದೂ

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಸೆಳೆಖಾನೆಯ ಗಡಿಯಾರವನ್ನು ಹೊರತೆಗೆದು, ಎರಡನ್ನೂ ಏಳು ದಿನ ಜೊತೆಯಾಗಿ ಪರೀಕ್ಷಿಸಿದೆವು. ಲೆಕ್ಕಕ್ಕೆ ಅನುಕೂಲವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಇಲ್ಲಿ ಕೊಟ್ಟಿದ್ದೇವೆ. ಕೂಡುವ ಚಿಹ್ನೆ ಮುಂದೆ ಓಡಿದ್ದನ್ನೂ ಕಳೆಯುವ ಚಿಹ್ನೆ ಹಿಂದೆ ಬಿದ್ದದ್ದನ್ನೂ ಸೆಕೆಂಡುಗಳಲ್ಲಿ ಸೂಚಿಸುತ್ತವೆ.

ಹಳೆಯದು: +೩೯, +೪೧, +೪೦, +೩೮, +೪೦, +೪೧, +೪೧. ಸರಾಸರಿ +೪೦.

ಹೊಸದು: +೬, −೧೪, +೧೧, −೩, +೧೫, −೧೨, −೩. ಸರಾಸರಿ ೦.

ಸರಾಸರಿಯಿಂದ ಪ್ರತಿ ದಿನದ ಅಂತರವನ್ನು, ಚಿಹ್ನೆಯನ್ನು ಗಣಿಸದೆ, ಕೂಡಿ ೭ರಿಂದ ಭಾಗಿಸೋಣ. ಹಳೆಯದಕ್ಕೆ ೬/೭, ಎಂದರೆ ಒಂದು ಸೆಕೆಂಡಿಗೂ ಕಡಮೆ. ಹೊಸದಕ್ಕೆ ೬೪/೭, ಎಂದರೆ ೯ ಸೆಕೆಂಡಿಗೂ ಮೇಲೆ. ನಾಳೆ ಹಳೆಯ ಗಡಿಯಾರ ಎಷ್ಟು ಮುಂದೆ ಹೋಗುವುದೆಂದು ನಾವು ಇಂದೇ ಹೇಳಬಲ್ಲೆವು. ಹೊಸದರ ವಿಷಯದಲ್ಲಿ ಏನನ್ನೂ ಹೇಳಲಾರೆವು. ಅದರ ಸರಾಸರಿ ಸೊನ್ನೆಯಾದದ್ದು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡದ್ದರಿಂದಲೇ ಹೊರತು ತಪ್ಪಿಲ್ಲದ್ದರಿಂದಲ್ಲ.

ಪ್ರಯೋಗಾಲಯದಲ್ಲಿ ನಾವು ಕ್ರಮಬದ್ಧ ದೋಷ, ಯಾದೃಚ್ಛಿಕ ದೋಷ ಎಂದು ಎರಡನ್ನು ಹೇಳಿಕೊಡುತ್ತೇವಷ್ಟೆ. ಕ್ರಮಬದ್ಧ ದೋಷವನ್ನು ತಿಳಿದರೆ ಕಳೆದುಹಾಕಬಹುದು. ಯಾದೃಚ್ಛಿಕ ದೋಷವನ್ನು ಹಾಗೆ ಕಳೆಯುವ ಉಪಾಯವಿಲ್ಲ. ಇದನ್ನು ಬಲ್ಲ ನಾವೇ ನಮ್ಮ ಕೈಯ ಗಡಿಯಾರದ ಮಟ್ಟಿಗೆ ಮರೆತಿದ್ದೆವು.

ನಾವಿಕರು ಇದನ್ನು ಮರೆಯುವಂತಿರಲಿಲ್ಲ. ಸಮುದ್ರದ ಮೇಲೆ ರೇಖಾಂಶ ತಿಳಿಯಲು ಹೊರಟ ಊರಿನ ವೇಳೆ ಬೇಕು. ೪ ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಸ್ಥಾನ ಸುಮಾರು ೧.೮ ಕಿಲೊಮೀಟರು ತಪ್ಪುತ್ತದೆ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ರಚಿಸಿದ ನಾಲ್ಕನೆಯ ಗಡಿಯಾರವನ್ನು ೧೭೬೧ರಲ್ಲಿ ಹಡಗಿನಲ್ಲಿ ಜಮೈಕಾಕ್ಕೆ ಒಯ್ದರು. ೮೧ ದಿನಗಳ ಬಳಿಕ ಅದರ ತಪ್ಪು ಸುಮಾರು ೫ ಸೆಕೆಂಡು ಮಾತ್ರವೆಂದು ಕಂಡುಬಂದಿತು. ಅದು ದಿನಕ್ಕೆ ಎರಡೂವರೆ ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುತ್ತಿತ್ತು. ಆ ದೈನಿಕ ಗತಿಯನ್ನು ಕಳೆದ ಮೇಲೆ ಬಂದ ಲೆಕ್ಕವಿದು. ಆ ಗಡಿಯಾರದ ಹಿರಿಮೆ ಸ್ಥಿರತೆಯಲ್ಲಿತ್ತು.

ಸ್ವಿಸ್ ದೇಶದ ಅಧಿಕೃತ ಕ್ರೊನೊಮೀಟರ್ ಪರೀಕ್ಷೆಯೂ ಇದೇ ಮಾತನ್ನು ಹೇಳುತ್ತದೆ. ಅಲ್ಲಿ ಯಂತ್ರವನ್ನು ೧೫ ದಿನ, ೫ ಭಂಗಿಗಳಲ್ಲಿ, ೮, ೨೩, ೩೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಗಳಲ್ಲಿ ಪರೀಕ್ಷಿಸುತ್ತಾರೆ. ಸರಾಸರಿ ಗತಿ ದಿನಕ್ಕೆ ೪ ಸೆಕೆಂಡು ಹಿಂದು, ೬ ಸೆಕೆಂಡು ಮುಂದು, ಇವೆರಡರ ಒಳಗಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಒಟ್ಟು ನಿಯಮಗಳು ಏಳು. ಉಳಿದ ಆರೂ ಗತಿಯ ಏರಿಳಿತಕ್ಕೆ ಸಂಬಂಧಪಟ್ಟವು.

ಮನೆಯಲ್ಲಿ ಪರೀಕ್ಷೆ

ಇಂಥ ಪರೀಕ್ಷೆಗೆ ಒಂದು ಹಾಳೆ, ಒಂದು ಪೆನ್ಸಿಲು, ಒಂದು ನಂಬತಕ್ಕ ವೇಳೆ ಇಷ್ಟಿದ್ದರೆ ಸಾಕು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ಕಾಲಮಾನವನ್ನು ಕಾಯ್ದುಕೊಂಡು ಬರುತ್ತಿದೆ. ನಮ್ಮ ಕೆಲಸಕ್ಕೆ, ಜಾಲದಿಂದ ವೇಳೆ ಪಡೆಯುವ ಮೊಬೈಲಿನ ಗಡಿಯಾರವೂ ಸಾಕು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀಲಿ ಕೊಡಿ. ಸೆಕೆಂಡಿನ ಮುಳ್ಳು ೧೨ನ್ನು ದಾಟುವ ಕ್ಷಣದಲ್ಲಿ ನಿಜವಾದ ವೇಳೆಯನ್ನು ಬರೆದುಕೊಳ್ಳಿ. ನಡುವೆ ಮುಳ್ಳುಗಳನ್ನು ಮುಟ್ಟಬೇಡಿ. ಏಳು ದಿನದ ಅಂಕಿಗಳಿಂದ ಸರಾಸರಿಯನ್ನೂ ಅಂತರವನ್ನೂ ಲೆಕ್ಕ ಹಾಕಿ. 

ಎರಡನೆಯ ವಾರ ರಾತ್ರಿ ಮಲಗುವಾಗ ಗಡಿಯಾರವನ್ನು ಬೇರೆ ಬೇರೆ ಭಂಗಿಯಲ್ಲಿಡಿ: ಮುಖ ಮೇಲೆ, ಮುಖ ಕೆಳಗೆ, ಕೀಲಿಯ ಗುಂಡಿ ಮೇಲೆ, ಗುಂಡಿ ಕೆಳಗೆ. ರಾತ್ರಿಯೂ ಬೆಳಗ್ಗೆಯೂ ವೇಳೆ ಬರೆಯಿರಿ. ಯಾವ ಭಂಗಿಯಲ್ಲಿ ಮುಂದೆ, ಯಾವುದರಲ್ಲಿ ಹಿಂದೆ ಎಂಬುದು ತಿಳಿದರೆ, ಹಗಲು ಕೈಯಲ್ಲಿ ಗಳಿಸಿದ ಸೆಕೆಂಡುಗಳನ್ನು ರಾತ್ರಿ ಮೇಜಿನ ಮೇಲೆ ಕಳೆಯುವ ಉಪಾಯ ತಾನಾಗಿಯೇ ಹೊಳೆಯುತ್ತದೆ.

ಹೊಸ ಗಡಿಯಾರವನ್ನು ಅಂಗಡಿಯಲ್ಲಿಯೇ ಏಳು ದಿನ ಪರೀಕ್ಷಿಸುವಂತಿಲ್ಲ, ನಿಜ. ಆದರೆ ಹಿಂದಿರುಗಿಸಲು ಗಡುವು ಇದ್ದರೆ ಅದರೊಳಗೆ ಈ ಪರೀಕ್ಷೆಯನ್ನು ಮುಗಿಸಬಹುದು. ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಗಡಿಯಾರಗಳ ಗತಿ ಒಂದೇ ಆಗಿರುವುದಿಲ್ಲ. ಆದುದರಿಂದ ಹೋಲಿಸಬೇಕಾದ್ದು ಹೆಸರುಗಳನ್ನಲ್ಲ, ಕೈಯಲ್ಲಿರುವ ಗಡಿಯಾರಗಳನ್ನು. ಸರಾಸರಿ ತಪ್ಪು ದೊಡ್ಡದಾಗಿದ್ದು ಅಂತರ ಚಿಕ್ಕದಾಗಿದ್ದರೆ ಹೆದರಬೇಕಾಗಿಲ್ಲ, ಗತಿಯನ್ನು ತಿದ್ದಿಸಿದರಾಯಿತು. ಅಂತರವೇ ದೊಡ್ಡದಾಗಿದ್ದರೆ ಎಣ್ಣೆ ಒಣಗಿದೆಯೋ, ಅಚ್ಚು ಸವೆದಿದೆಯೋ, ಜೋಡಣೆಯೇ ಸರಿಯಿಲ್ಲವೋ ನೋಡಿಸಬೇಕು. ನಮ್ಮೂರಿನ ರಿಪೇರಿಯವರು ಬಿಚ್ಚಿ ಕಟ್ಟಬಲ್ಲ, ಬಿಡಿಭಾಗ ದೊರೆಯುವ ಯಂತ್ರವೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಹರಳಿನ ಸಂಖ್ಯೆಗಿಂತ ಈ ಪ್ರಶ್ನೆ ಮುಖ್ಯ.

ನಮ್ಮ ಹಳೆಯ ಗಡಿಯಾರದ ಕಥೆಯನ್ನೂ ಮುಗಿಸಬೇಕು. ಅಂಕಿಗಳ ಹಾಳೆಯೊಡನೆ ಅದನ್ನು ಪೇಟೆಯ ಹಿರಿಯ ರಿಪೇರಿಯವರೊಬ್ಬರ ಬಳಿಗೆ ಒಯ್ದೆವು. ಹೇರ್ ಸ್ಪ್ರಿಂಗಿನ ಕೆಲಸ ಮಾಡುವ ಉದ್ದವನ್ನು ಬದಲಿಸುವ ಸಣ್ಣ ಕಡ್ಡಿಯೊಂದು ಇಂಥ ಗಡಿಯಾರದಲ್ಲಿ ಇರುತ್ತದೆ. ಉದ್ದ ಹೆಚ್ಚಿದರೆ ಬಿಗುವು ಇಳಿದು ಗತಿ ನಿಧಾನವಾಗುತ್ತದೆ. ೪೦ ಸೆಕೆಂಡೆಂದರೆ ೮೬,೪೦೦ರಲ್ಲಿ ೪೦, ಅಥವಾ ೨,೧೬೦ರಲ್ಲಿ ೧. ಅವಧಿ ಉದ್ದದ ವರ್ಗಮೂಲಕ್ಕೆ ಅನುಪಾತವಾಗಿರುವುದರಿಂದ ಉದ್ದದಲ್ಲಿ ಇದರ ಎರಡರಷ್ಟು, ಎಂದರೆ ೧,೦೮೦ರಲ್ಲಿ ೧ರಷ್ಟು, ಬದಲಾವಣೆ ಬೇಕು. ಸುರುಳಿಯ ಉದ್ದ ೧೦ ಸೆಂಟಿಮೀಟರೆಂದು ಇಟ್ಟುಕೊಂಡರೆ ಇದು ೦.೦೯ ಮಿಲಿಮೀಟರು, ಒಂದು ತಲೆಗೂದಲಿನ ದಪ್ಪ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಆ ಕಡ್ಡಿಯನ್ನು ಇಷ್ಟೇ ಇಷ್ಟು ಸರಿಸಿದರು. ಅಂದಿನಿಂದ ಅದು ದಿನಕ್ಕೆ ಎರಡು ಮೂರು ಸೆಕೆಂಡುಗಳ ಒಳಗೆ ನಡೆಯುತ್ತಿದೆ. ಒಂದು ಕೂದಲೆಳೆಯ ತಪ್ಪಿಗಾಗಿ ನಾವು ಅದನ್ನು ವರ್ಷಗಟ್ಟಲೆ ಕತ್ತಲೆಯಲ್ಲಿಟ್ಟಿದ್ದೆವು.

ತಂದೆಯವರು ಪ್ರತಿದಿನ ಬೆಳಗ್ಗೆ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಕೀಲಿ ಕೊಟ್ಟು, ಮುಳ್ಳನ್ನು ಅಷ್ಟೇ ಅಷ್ಟು ಹಿಂದಕ್ಕೆ ಸರಿಸುತ್ತಿದ್ದರು. ಹೊಸದನ್ನು ಕೊಳ್ಳಬಾರದೆ ಎಂದು ಕೇಳಿದಾಗ, “ಎಷ್ಟು ಓಡುತ್ತದೆ ಅಂತ ಗೊತ್ತಿದೆಯಲ್ಲ, ಇನ್ನೇನು ತೊಂದರೆ?” ಎಂದಿದ್ದರು. ಅವರು ಭೌತಶಾಸ್ತ್ರ ಓದಿದವರಲ್ಲ. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅವರಲ್ಲಿತ್ತು.

ಅಭ್ಯಾಸ

೧. ಗಂಟೆಗೆ ೧೯,೮೦೦ ಮಿಡಿತದ ಗಡಿಯಾರ ಸೆಕೆಂಡಿಗೆ ಎಷ್ಟು ಆಂದೋಲನ ಮಾಡುತ್ತದೆ?

೨. ಒಂದು ಗಡಿಯಾರ ದಿನಕ್ಕೆ ತಪ್ಪದೆ ೧೨ ಸೆಕೆಂಡು ಹಿಂದೆ ಬೀಳುತ್ತದೆ. ಜೂನ್ ೧ರ ಬೆಳಗ್ಗೆ ೬ ಗಂಟೆಗೆ ಸರಿಪಡಿಸಿದರೆ ಜೂನ್ ೨೧ರ ಬೆಳಗ್ಗೆ ೬ ಗಂಟೆಗೆ ಅದು ಏನು ತೋರಿಸುತ್ತದೆ?

೩. ಬೇರೆಲ್ಲವೂ ಸಮನಾಗಿದ್ದರೆ, ೧೮,೦೦೦ ಮಿಡಿತದ ಗಡಿಯಾರಕ್ಕಿಂತ ೨೮,೮೦೦ ಮಿಡಿತದ್ದಕ್ಕೆ ಎಷ್ಟು ಮಡಿ ಸಾಮರ್ಥ್ಯ ಬೇಕು?

೪. ಮನೆಯಲ್ಲಿ ಓಡದೆ ಬಿದ್ದಿರುವ ಕೀಲಿ ಗಡಿಯಾರವಿದ್ದರೆ ಅದನ್ನು ಶುಚಿ ಮಾಡಿಸಿ, ಏಳು ದಿನದ ಅಂಕಿಗಳನ್ನು ಬರೆದು, ಅದು ಒಳ್ಳೆಯದೋ ಕೆಟ್ಟದ್ದೋ ನೀವೇ ತೀರ್ಮಾನಿಸಿ.

ಉತ್ತರಗಳು: ೧. ೨.೭೫. ೨. ೫ ಗಂಟೆ ೫೬ ನಿಮಿಷ. ೩. ಸುಮಾರು ೪.೧ ಮಡಿ.